ಎತ್ತರದ ವಿಂಡ್‌ಶೀಲ್ಡ್‌ಗೆ ಕಿಂಡಿ ಕೊರೆದ ಮೇಲೆ: 24,000 ಕಿ.ಮೀ. ಬಳಕೆಯ ವಿಮರ್ಶೆ

ಕೊಂಡ ಹಾಗೇ ಬಳಸಿದರೆ ಈ ಶೀಲ್ಡ್‌ಗೆ ಐದಕ್ಕೆ ಎರಡು ಅಂಕ. ಬುಡದಲ್ಲಿ 160 ಮಿ.ಮೀ. ಉದ್ದದ ಕಿಂಡಿ ಕೊರೆದು, ನಾಲ್ಕು ಬೋಲ್ಟ್‌ಗೂ 12 ಮಿ.ಮೀ. ಸ್ಪೇಸರ್ (ನಡುವೆ ಸಂದು ಬಿಡಿಸುವ ಪುಟ್ಟ ಕೊಳವೆ) ಕೊಟ್ಟ ಮೇಲೆ ನಾಲ್ಕು. ಹಾಳೆ ಅದೇ, ಎತ್ತರ ಅದೇ, ಬೈಕೂ ಅದೇ. ಬದಲಾದದ್ದು ಶೀಲ್ಡ್‌ನ ಹಿಂದೆ ಗಾಳಿ ನಡೆದುಕೊಳ್ಳುವ ರೀತಿ.

ಶೀಲ್ಡ್ 4 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್, 48 ಸೆಂ.ಮೀ. ಎತ್ತರ, ಫೇರಿಂಗ್‌ಗೆ (ಬೈಕಿನ ಮುಂಭಾಗದ ಹೊದಿಕೆಗೆ) ನಾಲ್ಕು ಎಂ5 (5 ಮಿ.ಮೀ. ದಪ್ಪದ) ಬೋಲ್ಟ್‌ಗಳಲ್ಲಿ ಕೂರುವಂಥದ್ದು. ಮೊದಲ ದಿನದಿಂದಲೇ ಎದೆಗೆ ಗಾಳಿ ನಿಂತಿತು, ತಲೆಗೆ ಶುರುವಾಯಿತು. 80 ಕಿ.ಮೀ. ವೇಗ ದಾಟಿದರೆ ಕುತ್ತಿಗೆಯ ಕೆಳಗೆ ಗಾಳಿಯೇ ಇಲ್ಲ, ಹೆಲ್ಮೆಟ್‌ಗೆ ಮಾತ್ರ ಯಾರೋ ಪಕ್ಕದಲ್ಲಿ ನಿಂತು ದಬದಬ ಗುದ್ದಿದ ಹಾಗೆ. ಮೀಟರಿನ ಅಂಕೆಗಳು ಎರಡೆರಡಾಗಿ ಕಾಣುತ್ತವೆ. ಬೈಕಿನವರು ಬಫೆಟಿಂಗ್ ಎನ್ನುವುದು ಇದನ್ನೇ.

ಕಾರಣ ಸರಳ, ಆದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಶೀಲ್ಡ್ ಗಾಳಿಯನ್ನು ಸೀಳುತ್ತದೆ. ಸೀಳಿದ ಜಾಗದ ಹಿಂದೆ ಒತ್ತಡ ತಗ್ಗಿ ಒಂದು ಬರಿದಾದ ಜಾಗ ಉಳಿಯುತ್ತದೆ. ಮೇಲಿನ ಅಂಚನ್ನು ದಾಟಿದ ಗಾಳಿ ಆ ಬರಿದನ್ನು ತುಂಬಲು ಕೆಳಗೆ ಬಾಗುತ್ತದೆ, ಬಾಗುವಾಗ ಸುಳಿಯಾಗಿ ಉರುಳುತ್ತದೆ, ಆ ಸುಳಿಗಳು ಒಂದರ ಹಿಂದೊಂದು ಹೆಲ್ಮೆಟ್‌ಗೆ ಬಡಿಯುತ್ತವೆ. ಜಾಕೆಟ್ಟಿನ ಕಾಲರು ಬೆನ್ನಿನ ಕಡೆಯಿಂದ ಮುಂದಕ್ಕೆ ತಳ್ಳಿದಂತಾಗುತ್ತಿದ್ದರೆ ರೋಗ ಇದೇ ಎಂದು ತಿಳಿಯಿರಿ. ಹೆಚ್ಚಿನವರು ಇದಕ್ಕೆ ಇನ್ನೂ ಎತ್ತರದ ಶೀಲ್ಡ್ ಕೊಳ್ಳುತ್ತಾರೆ. ಅದರೊಂದಿಗೆ ಹಿಂದಿನ ಬರಿದೂ ದೊಡ್ಡದಾಗುತ್ತದೆ. ಬೇಕಾದದ್ದು ಅದನ್ನು ಬುಡದಿಂದ ತುಂಬಿಸುವ ದಾರಿ.

ಡ್ರಿಲ್ ಹಿಡಿಯುವ ಮೊದಲು ಗಾಳಿಯನ್ನು ಅಳೆಯಬೇಕು. ವಾಹನ ಓಡಾಟವಿಲ್ಲದ ನೇರ ರಸ್ತೆ, ಗಾಳಿ ಇಲ್ಲದ ಹೊತ್ತು, 70 ಕಿ.ಮೀ. ಸ್ಥಿರ ವೇಗ. ಎಡ ಅಂಗೈಯನ್ನು ಚಪ್ಪಟೆಯಾಗಿ ಶೀಲ್ಡ್‌ನ ಹಿಂದಿಟ್ಟು ನಿಧಾನಕ್ಕೆ ಮೇಲೆತ್ತಿ. ಮೊದಲು ಏನೂ ಇಲ್ಲ; ಆಮೇಲೆ ಬೆರಳುಗಳು ಪಟಪಟ ನಡುಗುವ ಒಂದು ಪಟ್ಟಿ; ಅದನ್ನು ದಾಟಿದರೆ ನಡುಕವಿಲ್ಲದ, ಒಂದೇ ಸಮನೆ ಒತ್ತುವ ಗಾಳಿ. ಆ ನಡುಗುವ ಪಟ್ಟಿ ಎಷ್ಟು ದಪ್ಪ, ಅದರೊಳಗೆ ಹೆಲ್ಮೆಟ್ ಇದೆಯೇ ಎಂಬುದೇ ಇಡೀ ಲೆಕ್ಕ. ಫುಟ್‌ಪೆಗ್ (ಕಾಲಿಡುವ ಕಡ್ಡಿ) ಮೇಲೆ ತುಸು ಎದ್ದಾಗ ಸದ್ದು ಒಮ್ಮೆಲೇ ಹಗುರಾದರೆ ತಲೆ ಪಟ್ಟಿಯ ಒಳಗಿದೆ ಎಂದರ್ಥ. ಎದೆಯ ಜಿಪ್ ಉದ್ದಕ್ಕೂ 8 ಸೆಂ.ಮೀ.ನ ಉಣ್ಣೆ ಎಳೆಗಳನ್ನು ಟೇಪಿನಿಂದ ಅಂಟಿಸಿ ಟ್ಯಾಂಕಿನ ಮೇಲೊಂದು ಕ್ಯಾಮೆರಾ ಇಟ್ಟರೆ ಇನ್ನೂ ಸ್ಪಷ್ಟ: ಎಳೆಗಳು ಮುಂದಕ್ಕೆ, ಶೀಲ್ಡ್ ಕಡೆಗೆ ತಿರುಗಿದರೆ ಅಲ್ಲಿ ಗಾಳಿ ಹಿಮ್ಮುಖ ಹರಿಯುತ್ತಿದೆ.

ಮೊದಲ ಹೆಜ್ಜೆ ಸ್ಪೇಸರ್, ಏಕೆಂದರೆ ಬೇಡವೆಂದರೆ ಬಿಚ್ಚಿಬಿಡಬಹುದು. ನಾಲ್ಕಕ್ಕೂ ಸಮವಾಗಿ ನೈಲಾನಿನ 12 ಮಿ.ಮೀ. ಸ್ಪೇಸರ್ ಕೊಟ್ಟರೆ ಓರೆ ಬದಲಾಗದೆ ಫೇರಿಂಗ್ ಮತ್ತು ಶೀಲ್ಡ್ ನಡುವೆ ಸಂದು ಬಿಡುತ್ತದೆ. ಕೆಳಗಿನ ಎರಡಕ್ಕೆ ಮಾತ್ರ ಕೊಟ್ಟರೆ ಶೀಲ್ಡ್ ಹಿಂದಕ್ಕೆ ಒರಗಿ ಗಾಳಿಯ ಗೆರೆ ಕೆಳಗಿಳಿಯುತ್ತದೆ. ಮೇಲಿನ ಎರಡಕ್ಕೆ ಮಾತ್ರ ಕೊಟ್ಟರೆ ನೆಟ್ಟಗೆ ನಿಂತು ಗಾಳಿಯನ್ನು ಎತ್ತರಕ್ಕೆ ಎಸೆಯುತ್ತದೆ, ಸುಳಿಯೂ ಒರಟಾಗುತ್ತದೆ. ಬೋಲ್ಟ್ 16 ಮಿ.ಮೀ. ಇದ್ದದ್ದು 30 ಆಗಬೇಕು. ಅಂಗಡಿಯಲ್ಲಿ 28 ಸಿಗುವುದು ಕಷ್ಟ. ಹೆಚ್ಚಾದ 2 ಮಿ.ಮೀ. ಹಿಂದೆ ಏನಕ್ಕಾದರೂ ತಾಗುತ್ತದೆಯೇ ಎಂದು ಬೆರಳು ಹಾಕಿ ನೋಡಿ. ಸ್ಪೇಸರ್ ಒಂದರಿಂದಲೇ ನಡುಗುವ ಪಟ್ಟಿ ತೆಳುವಾಯಿತು, ಹೋಗಲಿಲ್ಲ.

ಹೋದದ್ದು ಕಿಂಡಿಯಿಂದ. 22 ಮಿ.ಮೀ. ಹೋಲ್ ಸಾ (ಡ್ರಿಲ್ಲಿಗೆ ಹಾಕುವ ದುಂಡು ಗರಗಸ) ಬಳಸಿ, ಕೇಂದ್ರದಿಂದ ಕೇಂದ್ರಕ್ಕೆ 138 ಮಿ.ಮೀ. ದೂರದಲ್ಲಿ ಎರಡು ರಂಧ್ರ; ನಡುವಿನ ಭಾಗವನ್ನು ಸಣ್ಣ ಹಲ್ಲಿನ ಗರಗಸದಿಂದ ತೆಗೆದರೆ 160 × 22 ಅಳತೆಯ, ಎರಡೂ ತುದಿ ದುಂಡಾದ ಕಿಂಡಿ ಸಿಗುತ್ತದೆ. ತುದಿ ದುಂಡಾಗಿರುವುದು ಅಂದಕ್ಕಲ್ಲ: ಚೌಕ ಮೂಲೆಯಲ್ಲೇ ಬಿರುಕು ಹುಟ್ಟುವುದು. ಯಾವ ಬೋಲ್ಟ್ ರಂಧ್ರದಿಂದಲೂ 40 ಮಿ.ಮೀ. ಒಳಗೆ ಬರಬೇಡಿ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್, ಹಿಂದೆ ಮರದ ತುಂಡು, ಡ್ರಿಲ್ ಅತಿ ನಿಧಾನ. ವೇಗ ಹೆಚ್ಚಾದರೆ ಪಾಲಿಕಾರ್ಬೊನೇಟ್ ಕರಗಿ ಹಲ್ಲಿಗೆ ಗೋಂದಿನಂತೆ ಮೆತ್ತಿಕೊಳ್ಳುತ್ತದೆ; ನಿಲ್ಲಿಸಿ, ನೀರು ಚಿಮುಕಿಸಿ, ಮುಂದುವರಿಸಿ. ನಿಮ್ಮ ಶೀಲ್ಡ್ ಬೇಗ ಸೀಳುವ ಪ್ಲಾಸ್ಟಿಕ್ಕಾದ ಅಕ್ರಿಲಿಕ್ ಆಗಿದ್ದರೆ ಮಾತೇ ಬೇರೆ. ಲೋಹಕ್ಕೆ ಬಳಸುವ ಸಾಮಾನ್ಯ ಬಿಟ್ ಆಚೆ ಬದಿ ತಲುಪುವ ಹೊತ್ತಿಗೆ ಹಾಳೆಯನ್ನು ಕಚ್ಚಿ ಎಳೆಯುತ್ತದೆ, ಟಪ್ ಎಂದು ಸೀಳುತ್ತದೆ. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಡ್ರಿಲ್ಲೇ ಸರಿ.

ಗರಗಸದ ಗುರುತನ್ನು ಅರದಿಂದ ಸವರಿ, ಆಮೇಲೆ 240, 400, 800ರ ಎಮರಿ ಪೇಪರ್. ಅಂಚಿನ ಮೇಲೆ ಉಗುರು ಎಳೆದಾಗ ಎಲ್ಲೂ ತಡೆಯಬಾರದು. ತಡೆದ ಜಾಗವೇ ನಾಳೆಯ ಬಿರುಕು.

ಬರೀ ಕಿಂಡಿ ಬಿಟ್ಟರೆ ಗಾಳಿ ನೇರ ಗಂಟಲಿಗೆ ಬರುತ್ತದೆ. ಕಿಂಡಿಯ ಕೆಳ ಅಂಚಿಗೆ, ಒಳಬದಿಯಲ್ಲಿ, 2 ಮಿ.ಮೀ. ಹಾಳೆಯ 35 ಮಿ.ಮೀ. ಅಗಲದ ನಾಲಿಗೆಯೊಂದನ್ನು ಮೇಲ್ಮುಖವಾಗಿ ಅಂಟಿಸಿದಾಗ ಗಾಳಿ ಶೀಲ್ಡ್‌ನ ಒಳಮೈಗೆ ತಾಗಿಕೊಂಡೇ ಮೇಲೇರಿ, ಅಂಚಿನಿಂದ ಬರುವ ಗಾಳಿಯ ಜೊತೆ ಸೇರುತ್ತದೆ. ಎರಡೂ ತುದಿಯಲ್ಲಿ 4 ಮಿ.ಮೀ. ಸಂದು ಬಿಡಿ, ಇಲ್ಲದಿದ್ದರೆ ಮಳೆನೀರು ಆ ತೊಟ್ಟಿಲಲ್ಲಿ ನಿಂತು ಬ್ರೇಕ್ ಹಿಡಿದಾಗ ಕಿಂಡಿಯಿಂದ ಆಚೆಗೆ, ಥ್ರಾಟಲ್ ಕೊಟ್ಟಾಗ ಮೀಟರಿನ ಮೇಲಕ್ಕೆ ಚೆಲ್ಲುತ್ತದೆ.

ಮೇಲಂಚಿಗೆ ಕ್ಲಿಪ್ ಹಾಕುವ ಪುಟ್ಟ ಸ್ಪಾಯ್ಲರನ್ನೂ (ಗಾಳಿ ತಿರುಗಿಸುವ ಪಟ್ಟಿ) ಪರೀಕ್ಷಿಸಿದ್ದಾಯಿತು. ಶೀಲ್ಡ್‌ಗೂ ಅದಕ್ಕೂ 20 ಮಿ.ಮೀ. ಸಂದು ಇಟ್ಟರೆ ಕೆಲಸ ಮಾಡುತ್ತದೆ, ಒತ್ತಿ ಕೂರಿಸಿದರೆ ಶೀಲ್ಡ್ ಎತ್ತರಿಸಿದಷ್ಟೇ ಫಲ. ಕ್ಲಿಪ್ಪಿನ ರಬ್ಬರಿನಡಿ ಧೂಳು ಸೇರಿ ಗೀರು ಬಿತ್ತು, ತೆಗೆದಿಟ್ಟದ್ದಾಯಿತು.

ಈಗ ಕೆಟ್ಟದ್ದರ ಪಟ್ಟಿ. ಸುಮಾರು 9,000 ಕಿ.ಮೀ.ಗೆ ಎಡಗಡೆಯ ಕೆಳ ಬೋಲ್ಟ್ ಸುತ್ತ ಜೇಡರ ಬಲೆಯಂಥ ಸಣ್ಣ ಗೆರೆಗಳು ಕಂಡವು. ಕಿಂಡಿಯ ತಪ್ಪಲ್ಲ. ಬೋಲ್ಟ್ ಸಡಿಲವಾಗದಿರಲೆಂದು ಹಚ್ಚಿದ ಥ್ರೆಡ್ ಲಾಕರ್ ದ್ರವ ಒಸರಿ ಹಾಳೆಗೆ ತಾಗಿತ್ತು. ಒತ್ತಡದಲ್ಲಿರುವ ಪಾಲಿಕಾರ್ಬೊನೇಟನ್ನು ಅದು ಒಳಗಿಂದಲೇ ಸೀಳುತ್ತದೆ. ಅಲ್ಲಿ ರಬ್ಬರಿನ ವೆಲ್‌ನಟ್ (ಬಿಗಿದಾಗ ಉಬ್ಬಿ ಹಿಡಿಯುವ ನಟ್), ನೈಲಾನ್ ವಾಷರ್ ಸಾಕು. ಬಿಗಿ ಹತ್ತಿದ ಮೇಲೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಎಂ5 ಬೋಲ್ಟ್‌ಗೆ ರಂಧ್ರ 7 ಮಿ.ಮೀ. ಇರಲಿ. 400 ಮಿ.ಮೀ. ಅಗಲದ ಹಾಳೆ 40 ಡಿಗ್ರಿ ಏರಿಳಿತಕ್ಕೆ ಒಂದು ಮಿ.ಮೀ.ಗೂ ಮಿಕ್ಕಿ ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಜಾಗ ಬೇಕು. ಪೆಟ್ರೋಲು, ಬ್ರೇಕ್ ಆಯಿಲ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಕೂಡ ಇದೇ ಜಾತಿಯ ಶತ್ರುಗಳು. ಅಂಟಿದ ಹುಳುಗಳನ್ನು ಒಣಬಟ್ಟೆಯಿಂದ ಉಜ್ಜಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಟ್ಟರೆ ತಾವೇ ಬಿಡುತ್ತವೆ.

ನಾಲಿಗೆಯ ಅಂಟುಟೇಪು 15,000ಕ್ಕೆ ಒಂದು ತುದಿಯಲ್ಲಿ ಎದ್ದಿತು. ಎಮರಿ ಪುಡಿಯನ್ನು ಸರಿಯಾಗಿ ಒರೆಸದೆ ಅಂಟಿಸಿದ್ದೇ ಕಾರಣ. ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಸ ಟೇಪು ಒತ್ತಿ ಒಂದು ದಿನ ಬಿಟ್ಟದ್ದು ಇವತ್ತಿಗೂ ಗಟ್ಟಿ.

ಫಲ ಏನೆಂದರೆ, 90ರಿಂದ 110ರ ನಡುವೆ ತಲೆ ಅಲ್ಲಾಡುವುದು ನಿಂತಿದೆ. ಸದ್ದು ನಿಂತಿಲ್ಲ, ದಬದಬ ಹೋಗಿ ಸುಂಯ್ ಎನ್ನುವ ಒಂದೇ ಸ್ವರ ಉಳಿದಿದೆ. ಇಯರ್‌ಪ್ಲಗ್ ಈಗಲೂ ಬೇಕು. ಲಾರಿಯ ಹಿಂದೆ ಸಿಕ್ಕಿಕೊಂಡರೆ ಯಾವ ಕಿಂಡಿಯೂ ಉಪಯೋಗವಿಲ್ಲ, ಅಲ್ಲಿ ಬರುವ ಗಾಳಿಯೇ ಕಲಕಿದ್ದು. ಬಿಸಿಲಿಗೆ ಎದೆಗೆ ಗಾಳಿ ಹಿತ, ಚಳಿಗೆ ಅಲ್ಲ. ಆಗ ಕಿಂಡಿಯ ಅಳತೆಗೆ ಕತ್ತರಿಸಿದ ಫೋಮ್ ಪಟ್ಟಿ ತುರುಕಿ ಮುಚ್ಚುವುದು, ದಬದಬ ಸ್ವಲ್ಪ ಮರಳಿ ಬರುತ್ತದೆ.

ಈ ಅಳತೆಗಳು ಮೇಲಂಚು ಸವಾರನ ಮೂಗಿನ ಮಟ್ಟಕ್ಕಿರುವ ಬೈಕಿಗೆ, ಅಂದರೆ ಶೀಲ್ಡ್‌ನ ಮೇಲಿಂದ ರಸ್ತೆ ನೋಡುವಂತಿರುವ ಬೈಕಿಗೆ ಹೊಂದುತ್ತವೆ. ನಿಮಗೆ ಅಂಚು ಕಣ್ಣಿನ ನೇರಕ್ಕೆ ಬಂದರೆ ಮೊದಲು ಮೇಲಿನಿಂದ ಕತ್ತರಿಸಿ, ಒಂದು ಸಲಕ್ಕೆ 10 ಮಿ.ಮೀ. ಮಾತ್ರ, ಪ್ರತಿ ಸಲವೂ ಅಂಗೈ ಪರೀಕ್ಷೆ. ಶೀಲ್ಡ್ ಹ್ಯಾಂಡಲಿಗೇ ಕೂತಿರುವ ಬೈಕುಗಳಲ್ಲಿ ಗಾಳಿಯ ಒತ್ತಡ ನೇರ ಸ್ಟೀರಿಂಗಿಗೆ ಹೋಗುತ್ತದೆ. ಅಂಥದ್ದರಲ್ಲಿ ಯಾವ ಬದಲಾವಣೆ ಮಾಡಿದರೂ ವೇಗವನ್ನು ಹತ್ತು ಹತ್ತಾಗಿ ಏರಿಸಿ, ಹ್ಯಾಂಡಲ್ ತೊನೆಯಲು ಶುರುವಾದ ಕ್ಷಣ ಥ್ರಾಟಲ್ ನಿಧಾನಕ್ಕೆ ಇಳಿಸಿ, ಹಳೆಯ ಜೋಡಣೆಗೆ ಮರಳಿ.