ರಾತ್ರಿ ಕಪ್ಪೆ ನೋಡಲು 600 ರೂಪಾಯಿ: ಕೊಡಬಹುದು, ಬೂಟು ಮಾತ್ರ ನಿಮ್ಮದೇ ಒಯ್ಯಿರಿ

ಉತ್ತರ ಕನ್ನಡದ ಸಿದ್ದಾಪುರದ ಕಡೆಯ ಒಂದು ಹೋಂಸ್ಟೇಯವರು ಮಳೆಗಾಲದಲ್ಲಿ ರಾತ್ರಿ ಕಪ್ಪೆ ತೋರಿಸಲು ಕರೆದೊಯ್ಯುತ್ತಾರೆ. ತಲೆಗೆ 600 ರೂಪಾಯಿ, ಎರಡು ತಾಸು. ಜುಲೈಯಲ್ಲಿ ನಾನು, ನನ್ನ ತಂಗಿ ಹೋಗಿದ್ದೆವು.

ಮೊದಲು ಬೈಗುಳ. ಅವರು ಕೊಟ್ಟ ಗಂಬೂಟಿನ ಎಡಗಾಲಿನದ್ದು ತೂತು. ಹಳ್ಳ ದಾಟುವಷ್ಟರಲ್ಲಿ ಒಳಗೆ ನೀರು, ನೀರಿನ ಜೊತೆಗೆ ಎರಡು ಉಂಬಳ. ಕೈಗಿತ್ತ ಕಾರ್ಡಿನಲ್ಲಿ ‘ಕಪ್ಪೆ ನೀರಿನಲ್ಲಿ, ನೆಲಗಪ್ಪೆ ನೆಲದಲ್ಲಿ’ ಅಂತ ಅಚ್ಚು ಹಾಕಿಸಿದ್ದಾರೆ. ತಪ್ಪು. ನೆಲಗಪ್ಪೆಯೂ (ಇಂಗ್ಲಿಷಿನ ಟೋಡ್) ಕಪ್ಪೆಯೇ, ಬುಫೋನಿಡೇ ಅನ್ನುವ ಕುಟುಂಬದ್ದು. ನಮ್ಮ ಘಟ್ಟದಲ್ಲಿ ಮರ ಹತ್ತುವ ನೆಲಗಪ್ಪೆಯೂ ಉಂಟು.

ಕಾರ್ಡು ಕೆಡಿಸಿದ್ದನ್ನು ಜೊತೆಗೆ ಬಂದ ಹುಡುಗ ಸರಿಮಾಡಿದ. ನಾನು ಕಂಡಕಂಡದ್ದಕ್ಕೆಲ್ಲ ಹೆಸರು ಕೇಳುತ್ತಿದ್ದೆ. ‘ಹೆಸರು ಆಮೇಲೆ ಅಕ್ಕಾ, ಮೊದಲು ಬೆರಳು ನೋಡಿ’ ಅಂದ. ಬೆರಳ ತುದಿಯಲ್ಲಿ ಬಿಲ್ಲೆ ಕಂಡರೆ ಮರಗಪ್ಪೆ ಅಂದುಕೊಂಡೆ. ಹಳ್ಳದ ಬದಿ ಕೂತ ರಾತ್ರಿಗಪ್ಪೆಗೂ ಬಿಲ್ಲೆ ಇತ್ತು! ಆಗ ಕಣ್ಣು ತೋರಿಸಿದ: ಪಾಪೆ ವಜ್ರದ ಆಕಾರ, ಮೈಯೆಲ್ಲ ಸುಕ್ಕು. ಇದು ನಿಕ್ಟಿಬ್ಯಾಟ್ರಾಕಿಡೇ ಅನ್ನುವ ಕುಟುಂಬದ್ದು. 2014ರಲ್ಲಿ ಹೆಸರು ಪಡೆದ ಕುಂಬಾರ ಕಪ್ಪೆ ಇದೇ ಮನೆತನದ್ದು, ಇದೇ ಜಿಲ್ಲೆಯ ಕತ್ತಲೆಕಾನಿನಲ್ಲಿದೆ. ಗಂಡು ಕೈಯಲ್ಲಿ ಕೆಸರು ತೆಗೆದು ಮೊಟ್ಟೆಗೆ ಮೆತ್ತುತ್ತದೆ. ನಮಗೆ ಸಿಗಲಿಲ್ಲ ಬಿಡಿ.

ಸಿಕ್ಕಿದ್ದು ಹೊಂಡದ ಮೇಲೆ ಬಾಗಿದ ಕೊಂಬೆಯಲ್ಲಿ ಹಾರುಗಪ್ಪೆಯ ನೊರೆಗೂಡು. ಗೊದಮೊಟ್ಟೆಗಳು ಅಲ್ಲಿಂದ ಸೀದಾ ನೀರಿಗೆ ಉದುರುತ್ತವೆ. ಅದರದೇ ಕುಟುಂಬದ ಪೊದೆಗಪ್ಪೆಗೆ ಗೊದಮೊಟ್ಟೆಯ ರಗಳೆಯೇ ಇಲ್ಲ, ಮೊಟ್ಟೆಯೊಡೆದರೆ ಪುಟ್ಟ ಕಪ್ಪೆಯೇ.

ವಾಪಸು ಬರುವಾಗ ಗದ್ದೆಯಲ್ಲಿ ಅರಿಸಿನ ಬಳಿದಂಥ ದೊಡ್ಡ ಗಂಡು. ‘ರಾನಾ ಟೈಗ್ರಿನಾ!’ ಅಂತ ಶಾಸ್ತ್ರೀಯ ಹೆಸರು ಹಿಡಿದು ಕೂಗಿಯೇಬಿಟ್ಟೆ. ಪಿಯುಸಿಯಲ್ಲಿ ಅದನ್ನೇ ಕೊಯ್ದು, ಮೇಣದ ತಟ್ಟೆಗೆ ಗುಂಡುಪಿನ್ನು ಚುಚ್ಚಿ ಚಿತ್ರ ಬರೆದವಳು ನಾನು. ಹುಡುಗ ನಕ್ಕ. ‘ಈಗದು ಹಾಪ್ಲೋಬ್ಯಾಟ್ರಾಕಸ್ ಅಕ್ಕಾ. ಕುಟುಂಬವೂ ರಾನಿಡೇ ಅಲ್ಲ, ಡೈಕ್ರೋಗ್ಲಾಸಿಡೇ.’ ತಂಗಿ ಊರು ಮುಟ್ಟುವವರೆಗೂ ಇದನ್ನೇ ಆಡಿಕೊಂಡಳು.

ಕುಣಿಯುವ ಕಪ್ಪೆಯ ಆಟ ಹಗಲಿನದು, ಅದು ಬೇಕಿದ್ದರೆ ರಾತ್ರಿ ಉಳಿಯಬೇಕು. ಬೆಳಿಗ್ಗೆ ಅದೇ ಹುಡುಗ ಹಳ್ಳಕ್ಕೆ ಕರೆದೊಯ್ದ, ಬೇರೆ ದುಡ್ಡು ಕೇಳಲಿಲ್ಲ. ಒದ್ದೆ ಬಂಡೆಯ ಮೇಲೆ ಹೆಬ್ಬೆರಳಿನಷ್ಟು ಕಪ್ಪೆ, ಹಿಂಗಾಲು ಚಾಚಿ ಬೀಸುತ್ತಿತ್ತು. ಆ ಕುಟುಂಬ ಪಶ್ಚಿಮ ಘಟ್ಟ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಕಾರ್ಡು ತಿದ್ದಿಸಿದರೆ ಇನ್ನೊಂದು ಹಾಕುತ್ತೇನೆ.