ಡಬ್ಲಿನ್‌ನಲ್ಲಿ ಅಮೆರಿಕನ್ ಕಾಲೇಜು ಫುಟ್‌ಬಾಲ್: ನಾಲ್ಕು ವರ್ಷ ಟಿಕೆಟ್ ಹಿಂದೆ ಬಿದ್ದವನ ಅನುಭವ

ಆಗಸ್ಟ್ ಕೊನೆ ಬಂತೆಂದರೆ ಐರ್ಲೆಂಡ್ ರಾಜಧಾನಿ ಡಬ್ಲಿನ್ ಬೀದಿಗಳಲ್ಲಿ ಒಂದೇ ಬಣ್ಣದ ಟೀಶರ್ಟ್ ಹಾಕಿದ ಅಮೆರಿಕನ್ನರು ತುಂಬಿಕೊಳ್ಳುತ್ತಾರೆ. ಅವೀವಾ ಸ್ಟೇಡಿಯಂನಲ್ಲಿ ಏರ್ ಲಿಂಗಸ್ ಕಾಲೇಜ್ ಫುಟ್‌ಬಾಲ್ ಕ್ಲಾಸಿಕ್. ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ. ಎರಡು ಕಾಲೇಜು ತಂಡಗಳು ಸಮುದ್ರ ದಾಟಿ ಬಂದು, ಒಂದೇ ಒಂದು ಪಂದ್ಯ ಆಡಿ ಹೋಗುತ್ತವೆ. 2022ರಿಂದ ನಾಲ್ಕು ಸಲ ಟಿಕೆಟ್‌ಗೆ ಪ್ರಯತ್ನಿಸಿದ್ದೇನೆ. ಮೂರು ಸಲ ಸಿಕ್ಕಿದೆ.

ಮೊದಲ ಸಲ ನೆಬ್ರಾಸ್ಕಾ–ನಾರ್ತ್‌ವೆಸ್ಟರ್ನ್. ಚಿನ್ನಸ್ವಾಮಿಯಲ್ಲಿ ಬೌಂಡರಿ ಹಗ್ಗದ ಹತ್ತಿರ ಸೀಟು ಸಿಕ್ಕರೆ ಹಬ್ಬ ಅಂತ ಬೆಳೆದವನು ನಾನು. ಅದೇ ಬುದ್ಧಿ ಇಲ್ಲೂ ಓಡಿಸಿ, ಜಾಸ್ತಿ ದುಡ್ಡು ಕೊಟ್ಟು ಕೆಳಗಿನ ಸಾಲು ಹಿಡಿದೆ. ಅಲ್ಲೇ ಎಡವಿದ್ದು. ಈ ಆಟದಲ್ಲಿ ಆಡದೇ ಇರುವವರೂ ಗೆರೆಯ ಪಕ್ಕದಲ್ಲೇ ನಿಂತಿರುತ್ತಾರೆ. ಕೋಚ್‌ಗಳೂ ಸೇರಿ ಒಂದೊಂದು ಕಡೆ ಸುಮಾರು ನೂರು ಜನ. ಒಬ್ಬೊಬ್ಬನೂ ಹೆಗಲಿಗೆ ಪ್ಯಾಡ್ ಕಟ್ಟಿಕೊಂಡ ಗೋದ್ರೇಜ್ ಬೀರು. ಅರ್ಧ ಪಂದ್ಯ ನಾನು ನೋಡಿದ್ದು ಅವರ ಬೆನ್ನ ಮೇಲಿನ ನಂಬರ್. ನಾರ್ತ್‌ವೆಸ್ಟರ್ನ್ 31–28ಕ್ಕೆ ಗೆದ್ದದ್ದು ಗೊತ್ತಾಗಿದ್ದು ದೊಡ್ಡ ಪರದೆ ನೋಡಿಯೇ. ಇಂಟರ್ನೆಟ್ ಕೈಕೊಟ್ಟು ಕಾರ್ಡ್ ನಡೆಯದೆ, ಆ ದಿನ ಬಿಯರ್ ಪುಕ್ಕಟೆ ಕೊಟ್ಟರು ಅನ್ನೋದೊಂದೇ ಸಮಾಧಾನ. ನಾನು ಕುಡಿಯೋದಿಲ್ಲ ಅನ್ನೋದು ಬೇರೆ ಮಾತು.

ಆಮೇಲೆ ಮೇಲಿನ ಹಂತದ ಸೀಟೇ ತೆಗೆದುಕೊಳ್ಳುತ್ತಿದ್ದೇನೆ. ಅಲ್ಲಿಂದ ಆಟಗಾರರು ಸಾಲು ಕಟ್ಟೋದು, ಒಬ್ಬ ಮೆಲ್ಲಗೆ ಬದಿಗೆ ಸರಿಯೋದು, ಚೆಂಡು ಯಾರ ಕಡೆ ಹೋಯ್ತು, ಎಲ್ಲ ಚೆಸ್ ಹಾಸಿನ ಹಾಗೆ ಕಾಣುತ್ತದೆ. ದರವೂ ಕಡಿಮೆ. ಉತ್ತರದ ಸ್ಟ್ಯಾಂಡ್ ಮಾತ್ರ ತಗ್ಗಾಗಿದೆ. ಹಿಂದಿನ ಮನೆಗಳಿಗೆ ಬೆಳಕು ತಪ್ಪಬಾರದು ಅಂತ ಹಾಗೆ ಕಟ್ಟಿದ್ದಾರೆ. ಒಳ್ಳೇ ಕೆಲಸ, ಆದರೆ ಆಟ ಅರ್ಥ ಆಗಬೇಕಾದರೆ ಅಲ್ಲಿ ಕೂರಬೇಡಿ.

2023ರಲ್ಲಿ ಟಿಕೆಟ್ ಸಿಗಲೇ ಇಲ್ಲ. ನೋಟ್ರ ಡೇಮ್–ನೇವಿ. ನೋಟ್ರ ಡೇಮ್ ತಂಡದ ಅಡ್ಡಹೆಸರೇ ಫೈಟಿಂಗ್ ಐರಿಷ್ ಅಂದಮೇಲೆ ಕೇಳಬೇಕಾ! ಕ್ಯೂನಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಎಲ್ಲ ಖಾಲಿ. 42–3 ಅಂತ ಏಕಪಕ್ಷೀಯ ಪಂದ್ಯ. ಟಿವಿಯಲ್ಲಿ ನೋಡಿದೆ, ಬೇಜಾರೇನೂ ಆಗಲಿಲ್ಲ.

2024ಕ್ಕೆ ಜಾರ್ಜಿಯಾ ಟೆಕ್–ಫ್ಲೋರಿಡಾ ಸ್ಟೇಟ್. ನಮ್ಮ ಭಾವ ಜಾರ್ಜಿಯಾ ಟೆಕ್‌ನಲ್ಲಿ ಓದಿದವರು, ಈಗಲೂ ಅಟ್ಲಾಂಟಾದಲ್ಲೇ ಇದ್ದಾರೆ. ಹೋಟೆಲ್, ಬಸ್ಸು, ಟಿಕೆಟ್ ಎಲ್ಲ ಸೇರಿದ ಪ್ಯಾಕೇಜ್ ತೆಗೆದುಕೊಳ್ಳಲು ಹೊರಟಿದ್ದರು. "ಭಾವ, ನಮ್ಮನೆ ಇರುವಾಗ ಹೋಟೆಲ್‌ಗೆ ಯಾಕೆ ದುಡ್ಡು ಸುರೀತೀರಿ?" ಅಂತ ತಡೆದು, ನಾನೇ ನಾಲ್ಕು ಬಿಡಿ ಟಿಕೆಟ್ ಕೊಂಡೆ. ಎರಡನ್ನು ಅವರ ಖಾತೆಗೆ ಕಳಿಸಿದೆ. ಅವರ ಜೊತೆ ಬರಬೇಕಿದ್ದ ಗೆಳೆಯರಿಗೆ ಗ್ರೀನ್ ಕಾರ್ಡ್ ಇತ್ತು, ಪಾಸ್‌ಪೋರ್ಟ್ ಭಾರತದ್ದು. ಐರ್ಲೆಂಡ್ ವೀಸಾ ಬೇರೆ ಮಾಡಿಸಬೇಕು, ಯುರೋಪಿನ ಹಲವು ದೇಶಗಳಿಗೆ ಆಗುವ ಷೆಂಗೆನ್ ವೀಸಾನೂ ಇಲ್ಲಿ ನಡೆಯೋದಿಲ್ಲ. ಅದು ಅವರಿಗೆ ತಡವಾಗಿ ಗೊತ್ತಾಯ್ತು. ಅವರ ಜಾಗದಲ್ಲಿ ಅಕ್ಕ ಬಂದಳು.

ಪಂದ್ಯದ ದಿನ ಗೇಟಿನ ಮುಂದೆ ಭಾವನ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಟಿಕೆಟ್ ಬರೀ ಫೋನಿನಲ್ಲಿ, ಬಾರ್‌ಕೋಡ್ ಆಗಾಗ ಬದಲಾಗುತ್ತದೆ, ಸ್ಕ್ರೀನ್‌ಶಾಟ್ ನಡೆಯೋದಿಲ್ಲ. ಅವರ ಅಮೆರಿಕನ್ ಸಿಮ್‌ಗೆ ಆ ಜನಜಂಗುಳಿಯಲ್ಲಿ ಡೇಟಾನೇ ಬರುತ್ತಿಲ್ಲ. "ಏನೋ ಇದು, ಇಷ್ಟು ದೂರ ಬಂದು ಗೇಟ್ ಹೊರಗೆ ನಿಲ್ಲಿಸ್ತೀಯಾ?" ಅಂದರು. ನನ್ನ ಹಾಟ್‌ಸ್ಪಾಟ್ ಕೊಟ್ಟು, ಬೇಲಿ ಪಕ್ಕ ಹತ್ತು ನಿಮಿಷ ನಿಂತ ಮೇಲೆ ಕೋಡ್ ಮೂಡಿತು. ಟಿಕೆಟ್ ಮಾರುವ ಕಂಪನಿಗೆ ಇದನ್ನು ಬರೆದೆ. ಬಂದದ್ದು 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅನ್ನೋ ರೆಡಿಮೇಡ್ ಉತ್ತರ. ಮನೆಯಿಂದ ಹೊರಡುವ ಮೊದಲೇ ವೈಫೈನಲ್ಲಿ ಟಿಕೆಟ್ಟನ್ನು ಫೋನಿನ ವ್ಯಾಲೆಟ್‌ಗೆ ಸೇರಿಸಿಬಿಡಿ. ಕೊನೇ ಕ್ಷಣದಲ್ಲಿ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸಿದ ಫೀಲ್ಡ್ ಗೋಲ್‌ನಿಂದ ಜಾರ್ಜಿಯಾ ಟೆಕ್ 24–21ಕ್ಕೆ ಗೆದ್ದಾಗ ಭಾವ ನನ್ನನ್ನು ಎತ್ತಿಬಿಟ್ಟರು, ಹಾಗಾಗಿ ಬೈಗುಳ ಮಾಫಿ.

ನಿಜವಾದ ಗುಟ್ಟು ಗೊತ್ತಾಗಿದ್ದು 2025ರಲ್ಲಿ, ಅಯೋವಾ ಸ್ಟೇಟ್–ಕ್ಯಾನ್ಸಸ್ ಸ್ಟೇಟ್ ಪಂದ್ಯಕ್ಕೆ. ಐರ್ಲೆಂಡ್‌ನಲ್ಲಿ 2021ರಿಂದ ಒಂದು ಕಾನೂನಿದೆ: ಇಂಥ ದೊಡ್ಡ ಪಂದ್ಯದ ಟಿಕೆಟ್ಟನ್ನು ಮೂಲ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವ ಹಾಗಿಲ್ಲ. ಗಾಂಧಿನಗರದ ಥಿಯೇಟರ್ ಮುಂದೆ ಬ್ಲಾಕ್‌ನಲ್ಲಿ ಟಿಕೆಟ್ ಕೊಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಪ್ರಯಾಣ ರದ್ದಾದವರು ಕೊನೆಯ ಎರಡು ವಾರದಲ್ಲಿ ಅದೇ ದರಕ್ಕೆ ವಾಪಸ್ ಹಾಕುತ್ತಾರೆ. ದಿನಾ ರಾತ್ರಿ ಊಟ ಆದಮೇಲೆ ಸುಮ್ನೆ ಆ್ಯಪ್ ತೆರೆದು ನೋಡುತ್ತಿದ್ದೆ. ಐದನೇ ದಿನ ಮೇಲಿನ ಹಂತದಲ್ಲಿ, ನಡುಗೆರೆಯ ನೇರಕ್ಕೆ, ಅಕ್ಕಪಕ್ಕದ ಎರಡು ಸೀಟು ಸಿಕ್ಕಿತು. ಅವತ್ತೂ 24–21, ಈ ಸಲ ಗೆದ್ದದ್ದು ಅಯೋವಾ ಸ್ಟೇಟ್.

ಬೇಸರ ಒಂದೇ, ಸೇವಾ ಶುಲ್ಕ. ಸೀಟು ಆರಿಸುವಾಗ ಕಾಣುವ ಬೆಲೆಯೇ ಬೇರೆ, ದುಡ್ಡು ಕಟ್ಟುವಾಗ ಬರುವ ಬೆಲೆಯೇ ಬೇರೆ. ನಾಲ್ಕು ಜನ ಹೋದರೆ ತಿಂಗಳ ದಿನಸಿ ದುಡ್ಡು ಆಗಿಯೇ ಹೋಗುತ್ತದೆ. ಒಟ್ಟು ಅನುಭವಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ, ಆ ಒಂದು ಕಡಿಮೆಯಾದದ್ದು ಇದಕ್ಕೇ. ಇನ್ನೊಂದು: ಪಂದ್ಯ ಮೂರೂವರೆ ಗಂಟೆ ಎಳೆಯುತ್ತದೆ, ಮುಗಿದ ಕೂಡಲೇ ಪಕ್ಕದ ಲ್ಯಾನ್ಸ್‌ಡೌನ್ ರೋಡ್ ಸ್ಟೇಷನ್‌ಗೆ ನುಗ್ಗಬೇಡಿ. ನಾವು ಮುಂದಿನ ಸ್ಟೇಷನ್ ಗ್ರ್ಯಾಂಡ್ ಕೆನಾಲ್ ಡಾಕ್ ತನಕ ನಡೆದು ರೈಲು ಹತ್ತುತ್ತೇವೆ.