ಬೋರ್ಡ್ ಪಾಠ, ಎನ್‌ಪಿಟೆಲ್, ನನ್ನದೇ ವಿಡಿಯೊ: ಮೂರನ್ನೂ ಮಾಡಿ ನೋಡಿದ ಮೇಲೆ

ಸಿವಿಲ್ ವಿದ್ಯಾರ್ಥಿಗಳಿಗೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ (ಭಾರ ಬಿದ್ದಾಗ ಬೀಮ್, ಕಂಬಗಳೊಳಗೆ ಏನಾಗುತ್ತದೆಂಬ ವಿಷಯ) ಕಲಿಸುವಾಗ ಮೂರು ದಾರಿ ಹಿಡಿದು ನೋಡಿದ್ದೇನೆ. ಒಂದು, ಎಂದಿನ ಬೋರ್ಡ್ ಪಾಠ. ಇನ್ನೆರಡು ಫ್ಲಿಪ್ಡ್ ಕ್ಲಾಸ್‌ರೂಮ್: ಪಾಠ ಮನೆಯಲ್ಲಿ, ಲೆಕ್ಕ ತರಗತಿಯಲ್ಲಿ. ಮನೆಪಾಠಕ್ಕೆ ಒಮ್ಮೆ ಎನ್‌ಪಿಟೆಲ್ (ಐಐಟಿಗಳ ಆನ್‌ಲೈನ್ ಪಾಠಮಾಲೆ) ವಿಡಿಯೊ ಕೊಟ್ಟೆ, ಇನ್ನೊಮ್ಮೆ ನಾನೇ ರೆಕಾರ್ಡ್ ಮಾಡಿದ್ದು.

ಬೆಂಡಿಂಗ್ ಸಮೀಕರಣದ (ಬೀಮ್ ಬಗ್ಗಿದಾಗ ಒಳಗಿನ ಒತ್ತಡ ಎಷ್ಟೆಂದು ಹೇಳುವ ಸೂತ್ರದ) ಡಿರೈವೇಶನ್‌ಗೆ ಇವತ್ತಿಗೂ ಬೋರ್ಡೇ ಸರಿ. ಯಾವ ಸಾಲಿನಲ್ಲಿ ಹುಡುಗರ ಹುಬ್ಬು ಗಂಟಿಕ್ಕುತ್ತದೋ ಅಲ್ಲೇ ನಿಲ್ಲಬಹುದು. ಆದರೆ ಶಿಯರ್ ಫೋರ್ಸ್, ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ (ಬೀಮನ್ನು ಕತ್ತರಿಸುವ ಬಲ, ಬಗ್ಗಿಸುವ ಪರಿಣಾಮ ಎಲ್ಲೆಲ್ಲಿ ಎಷ್ಟೆಂದು ತೋರಿಸುವ ಚಿತ್ರ) ವಿಷಯದಲ್ಲಿ ಬೋರ್ಡ್ ಪಾಠ ಸಾಲದು. ನಾನು ಬಿಡಿಸಿದ್ದನ್ನು ಅಂದವಾಗಿ ಇಳಿಸಿಕೊಳ್ಳುತ್ತಾರೆ. ಲೋಡ್ ಸ್ವಲ್ಪ ಸರಿಸಿ ಕೇಳಿದರೆ ಪೆನ್ನು ಓಡುವುದಿಲ್ಲ.

ಎನ್‌ಪಿಟೆಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳ ಆಳ ದೊಡ್ಡದು, ನಾನೂ ಅವುಗಳಿಂದ ಕಲಿತಿದ್ದೇನೆ. ಆದರೂ ಕನ್ನಡ ಮಾಧ್ಯಮದಿಂದ ಬಂದ ಹುಡುಗನಿಗೆ ರಾತ್ರಿ ಕೂತು ಅಷ್ಟುದ್ದದ ಇಂಗ್ಲಿಷ್ ಪಾಠ ನೋಡುವುದು ಕಷ್ಟ. ಅರ್ಧಕ್ಕೇ ಬಿಟ್ಟು ಬಂದವರೇ ಹೆಚ್ಚು. ಅವರಿಗಾಗಿ ತರಗತಿಯಲ್ಲಿ ಮತ್ತೆ ಪಾಠ ಮಾಡಿದರೆ, ನೋಡಿ ಬಂದವರೂ ಮುಂದಿನ ಸಲ ನೋಡಿ ಬರುವುದಿಲ್ಲ.

ನನ್ನ ಮಟ್ಟಿಗೆ ಗೆದ್ದದ್ದು ಮೂರನೆಯದು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಹಾಳೆಯ ಮೇಲೆ ಬರೆಯುತ್ತಾ, ನಾವು ಮಾತಾಡುವ ಕನ್ನಡದಲ್ಲೇ ವಿವರಿಸಿದ್ದು. ಹತ್ತು ನಿಮಿಷದೊಳಗೆ ಒಂದೇ ವಿಚಾರ. ತರಗತಿ ಶುರುವಾಗುತ್ತಲೇ ಎರಡು ಪ್ರಶ್ನೆ, ಉತ್ತರಕ್ಕೆ ಇಂಟರ್ನಲ್ಸ್‌ನಲ್ಲಿ ಸ್ವಲ್ಪ ಅಂಕ. ಆ ಅಂಕ ಇಲ್ಲದಿದ್ದರೆ ಯಾವ ವಿಡಿಯೊವೂ ಓಡುವುದಿಲ್ಲ.

ಉಳಿದ ಸಮಯವೆಲ್ಲ ಲೆಕ್ಕಕ್ಕೆ. 6 ಮೀಟರ್ ಬೀಮ್, ಉದ್ದಕ್ಕೂ ಮೀಟರಿಗೆ 10 ಕಿಲೋನ್ಯೂಟನ್ ಭಾರ. ಎರಡೂ ತುದಿಗೆ ಆಧಾರವಿದ್ದರೆ ಗರಿಷ್ಠ ಮೊಮೆಂಟ್ ನಡುವೆ, 45 ಕಿಲೋನ್ಯೂಟನ್ ಮೀಟರ್. ಒಂದೇ ತುದಿ ಬಿಗಿದು ಇನ್ನೊಂದನ್ನು ಬಿಟ್ಟರೆ? "ಆಗಲೂ ನಡುವೆಯೇ" ಎಂದಳೊಬ್ಬಳು. ಪಕ್ಕದವಳು ಸ್ಟೀಲ್ ಸ್ಕೇಲನ್ನು ಮೇಜಿನಂಚಿಗೆ ಒತ್ತಿ ಹಿಡಿದು, "ಇಲ್ನೋಡೇ, ಬಗ್ತಿರೋದು ಬುಡದಲ್ಲಿ" ಎಂದಳು. ಲೆಕ್ಕ ಹಾಕಿದರೆ ಬುಡದಲ್ಲಿ 180, ಮೊದಲಿನ ನಾಲ್ಕು ಪಟ್ಟು. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಸರ್, ಹಾಗಾದ್ರೆ ಬಾಲ್ಕನಿಗೆ ಮೇನ್ ಕಂಬಿ ಮೇಲ್ಗಡೆ ಬರ್ಬೇಕಲ್ವಾ?" ಹೌದು, ಬಾಲ್ಕನಿಯೂ ಒಂದೇ ತುದಿ ಬಿಗಿದದ್ದು, ಎಳೆತ ಬೀಳುವುದು ಮೇಲ್ಭಾಗಕ್ಕೇ; ಆ ಎಳೆತ ತಡೆಯುವುದು ಕಂಬಿ. ಬೋರ್ಡ್ ಪಾಠ ಮಾಡುವಾಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ರೆಕಾರ್ಡಿಂಗ್‌ಗೆ ಸಮಯ ಬಹಳ ಹಿಡಿಯುತ್ತದೆ. ಹಾಗಾಗಿ ಬೀಮ್ ಡಯಾಗ್ರಾಂ ಮತ್ತು ಮೋರ್ ವೃತ್ತ (ವಸ್ತುವಿನೊಳಗಿನ ಒತ್ತಡ ಯಾವ ದಿಕ್ಕಿಗೆ ಎಷ್ಟೆಂದು ಚಿತ್ರದಿಂದ ಕಂಡುಹಿಡಿಯುವ ವಿಧಾನ), ಇವೆರಡಕ್ಕೆ ಮಾತ್ರ ಫ್ಲಿಪ್ ಇಟ್ಟುಕೊಂಡಿದ್ದೇನೆ. ನೆಟ್ ಸರಿಯಿಲ್ಲದ ಊರಿಂದ ಬರುವವರಿಗೆ ವಿಡಿಯೊಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಡುತ್ತೇನೆ.